ಮೀನುಗಾರನ ಗುಡಾರದಲ್ಲಿ ಬಾಣಂತನ

ಅಮೆರಿಕಕ್ಕೆ ಹೋಗಿ ಬಂದವಳು ಎಂದು ಗೊತ್ತಾದ ಕೂಡಲೇ ಜನ ಕೇಳುವುದು, ಏನೇನು ನೋಡಿದಿರಿ ಎಂದು. ಬೇರೆಯವರು ಜಲಪಾತ ನೋಡಿರುತ್ತಾರೆ, ಮುಗಿಲು ಮುಟ್ಟುವ ಕಟ್ಟಡ ನೋಡಿರುತ್ತಾರೆ. ನಾನು ನಲವತ್ತೈದು ದಿನ ಟೆಕ್ಸಾಸ್‌ನಲ್ಲಿದ್ದು ಸರಿಯಾಗಿ ನೋಡಿದ್ದು ಆರಡಿ ಉದ್ದ, ಆರಡಿ ಅಗಲದ ಒಂದು ಕೆಂಪು ಗುಡಾರವನ್ನು. ಅದನ್ನೂ ಒಳಗಿನಿಂದ ನೋಡಿದೆ.

ಹೋಗಬೇಕಾಗಿದ್ದವಳು ನಾನಲ್ಲ, ನನ್ನ ಅಕ್ಕ ವಿಮಲಾ. ಅವಳ ಮಗಳು ವಿದ್ಯಾಳದು ಚೊಚ್ಚಲ ಹೆರಿಗೆ. ವೀಸಾ ಕಿಟಕಿಯ ಮುಂದೆ ನಿಂತ ಅಕ್ಕ, "ಮಗು ದೊಡ್ಡದಾಗೋವರೆಗೂ ನಾನು ಅವಳನ್ನ ಬಿಟ್ಟು ಬರೋದಿಲ್ಲ ಸಾರ್" ಎಂದು ತಾಯ್ತನದ ನಿಜ ನುಡಿದಳು. ಅಧಿಕಾರಿ ಅಲ್ಲಿಯೇ ಪಾಸ್‌ಪೋರ್ಟ್ ಹಿಂದಿರುಗಿಸಿದ. ಎರಡನೆಯ ಸಲವೂ ಅಕ್ಕ ಅದೇ ನಿಜ ಹೇಳಿ ಬಂದಳು. ಕೊನೆಗೆ ನನ್ನನ್ನು ಕಳಿಸಿದರು. ನಾನು ತುಮಕೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್. "ನನಗೆ ರಜೆ ಇರೋದೇ ನಲವತ್ತೈದು ದಿನ, ಒಂದು ದಿನ ಹೆಚ್ಚಾದರೆ ನಮ್ಮ ಸೂಪರಿಂಟೆಂಡೆಂಟ್ ಸಂಬಳ ಹಿಡೀತಾರೆ" ಎಂದೆ. ಅಧಿಕಾರಿಗೆ ಅಮೆರಿಕ ಸರ್ಕಾರಕ್ಕಿಂತ ನಮ್ಮ ಸೂಪರಿಂಟೆಂಡೆಂಟ್ ಮೇಲೆ ಹೆಚ್ಚು ನಂಬಿಕೆ ಬಂದಿರಬೇಕು, ವೀಸಾ ಕೊಟ್ಟ.

ನಮ್ಮ ಬಳಗದಲ್ಲಿ ಬಾಣಂತನಕ್ಕೆ ನನ್ನದು ದೊಡ್ಡ ಹೆಸರು. ಆವರೆಗೆ ನಾಲ್ಕು ಮಾಡಿದ್ದೆ. ಕೋಣೆಯ ಬಾಗಿಲು, ಕಿಟಕಿ ಭದ್ರ. ಸಂದಿಗೆ ಹಳೆಯ ಸೀರೆ. ಬಾಣಂತಿಯ ಕಿವಿಗೆ ಹತ್ತಿ. ಎರಡು ಹೊತ್ತು ಮಂಚದ ಕೆಳಗೆ ಕೆಂಡ, ಮೇಲೆ ಸಾಂಬ್ರಾಣಿ. "ಸರೋಜಾ ಕೈಲಿ ಬಾಣಂತನ ಅಂದ್ರೆ ಬಾಣಂತಿ ಕಲ್ಲು ಬಿದ್ರೂ ಏಳದ ಹಾಗೆ ನಿದ್ದೆ ಮಾಡ್ತಾಳೆ" ಎಂದು ಎಲ್ಲರೂ ಹೊಗಳುತ್ತಿದ್ದರು. ನಾನು ವಿಮಾನ ಹತ್ತುವ ಎರಡು ವಾರ ಮೊದಲೇ, ದಿನ ತುಂಬುವುದಕ್ಕೆ ಮುಂಚೆ, ಮಗು ಹುಟ್ಟಿಬಿಟ್ಟಿತು. ಹೆಣ್ಣು, ಬೆಕ್ಕಿನ ಮರಿಯಷ್ಟು. ಮಗುವನ್ನು ಬೆಚ್ಚಗಿಡಿ, ತಣ್ಣಗಾಗಲು ಬಿಡಬೇಡಿ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರಂತೆ. ಆ ಒಂದು ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ನಾನು ಹೊರಟೆ.

ಹ್ಯೂಸ್ಟನ್

ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ಬಿಚ್ಚಿಸಿದರು. ಅಂಟಿನ ಉಂಡೆ ದಾಟಿತು, ಬಾಣಂತಿ ಖಾರದ ಪುಡಿ ಸೀನು ತರಿಸಿ ದಾಟಿತು. ಸಾಂಬ್ರಾಣಿಯ ಪೊಟ್ಟಣ ಮಾತ್ರ ಮೂವರು ಅಧಿಕಾರಿಗಳ ಮೂಗಿನ ಕೆಳಗೆ ಸುತ್ತಿತು. "ಫಾರ್ ಹೇರ್ ಸ್ಮೋಕಿಂಗ್" ಎಂದು ನಾನು ವಿವರಿಸಿದ್ದು ಸಹಾಯಕ್ಕೆ ಬರಲಿಲ್ಲ. ನಾಯಿಯೊಂದು ಬಂತು. ಅದು ಮೂಸಿ, ನನ್ನ ಮುಖ ನೋಡಿ, ಬಾಲ ಅಲ್ಲಾಡಿಸಿ ಹೋಯಿತು. ಆ ದೇಶದಲ್ಲಿ ನನ್ನನ್ನು ಮೊದಲು ನಂಬಿದ್ದು ಅದೇ.

ಹೊರಗೆ ನನ್ನ ಗಂಡನ ಕಡೆಯ ನೆಂಟರಾದ ಈರಣ್ಣ, ಶಾಂತಕ್ಕ ಕಾಯುತ್ತಿದ್ದರು. ಬಾಗಲಕೋಟೆಯವರು, ಹ್ಯೂಸ್ಟನ್ನಿನ ಮಗ್ಗುಲಿನ ಮಿಸೌರಿ ಸಿಟಿಯಲ್ಲಿ ಮನೆ ಮಾಡಿ ಹದಿನೈದು ವರ್ಷವಾಗಿತ್ತು. ನಾನು ಎರಡು ಸ್ವೆಟರು, ಒಂದು ಶಾಲು, ಮಂಕಿ ಟೋಪಿ ತೊಟ್ಟು ಇಳಿದಿದ್ದೆ. ಜನವರಿಯ ಹ್ಯೂಸ್ಟನ್‌ನಲ್ಲಿ ಆವತ್ತು ಬೆವರು ಕಿತ್ತು ಬರುವ ಬಿಸಿಲು.

"ಏನ್ರೀ ಅಕ್ಕಾರ, ಹಿಮಾಲಯಕ್ಕ ಹೊಂಟೀರೇನು?" ಎಂದು ಶಾಂತಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಗಬ್ಯಾಡ, ಉತ್ತರಕ್ಕ, ಡಲ್ಲಸ್ ಕಡೆ ಮಗಳ ಮನೀಗೆ ಹೋಗತಾರ ಅವರು. ಅಲ್ಲಿ ಮುಂಜಾನೆ ಬ್ಯಾಸಗಿ ಇದ್ರ ಸಂಜೀಕ ಚಳಿಗಾಲ ಇರತೈತಿ" ಎಂದರು ಈರಣ್ಣ. ಅವರ ಕಚೇರಿ ಇದ್ದದ್ದು ಎನರ್ಜಿ ಕಾರಿಡಾರ್ ಎಂಬ ಎಣ್ಣೆ ಕಂಪನಿಗಳ ಬಡಾವಣೆಯಲ್ಲಿ. ಹೊರಗೆ ಜನ ಬೆವರುತ್ತಿದ್ದರೆ ಒಳಗೆ ಏಸಿಗೆ ಹೆದರಿ ಎಲ್ಲರೂ ಸ್ವೆಟರ್ ಹಾಕಿಕೊಂಡು ಕೂರುತ್ತಾರಂತೆ. ದುಡ್ಡು ಕೊಟ್ಟು ಚಳಿ ಕೊಂಡುಕೊಳ್ಳುವವರನ್ನು ನಾನು ಕಂಡದ್ದು ಅದೇ ಮೊದಲು. ಎರಡು ದಿನ ಶಾಂತಕ್ಕನ ರೊಟ್ಟಿ ತಿಂದೆ. ಅಷ್ಟರಲ್ಲಿ ವಿದ್ಯಾಳ ಗಂಡ ಗುರು ಕಚೇರಿ ಕೆಲಸಕ್ಕೆಂದು ಆಸ್ಟಿನ್‌ಗೆ ಬಂದಿದ್ದಾನೆಂದು ತಿಳಿದು, ಈರಣ್ಣ ನನ್ನನ್ನು ಅಲ್ಲಿಯವರೆಗೆ ಡ್ರೈವ್ ಮಾಡಿಕೊಂಡು ಹೋಗಿ ಒಪ್ಪಿಸಿದರು.

ಆಸ್ಟಿನ್

ಗುರು ಮೈಸೂರಿನ ಹುಡುಗ. ಮಾತು ಮೆದು, ಮನಸ್ಸು ಒಳ್ಳೆಯದು. ಒಂದೇ ದೌರ್ಬಲ್ಯವೆಂದರೆ ಬಿಟ್ಟಿ ಸಿಕ್ಕರೆ ರೋಡ್ ರೋಲರ್ ಆದರೂ ಮನೆಗೆ ತರುತ್ತಾನೆ. ಅವನ ಸಹೋದ್ಯೋಗಿ ಲ್ಯಾರಿ ಎಂಬ ಅರವತ್ತರ ಆಸುಪಾಸಿನ ಮನುಷ್ಯ ಮನೆ ಖಾಲಿ ಮಾಡುತ್ತಿದ್ದ. ಊರಿಗೆ ಹೊರಡುವ ಮುನ್ನ ನಾವು ಅವನ ಗ್ಯಾರೇಜಿಗೆ ಹೋದೆವು.

ಲ್ಯಾರಿ ಮಿನೆಸೋಟದವನು. ಅಲ್ಲಿ ಚಳಿಗಾಲದಲ್ಲಿ ಕೆರೆಗಳು ಕಲ್ಲಾಗುತ್ತವಂತೆ. ಜನ ಅದರ ಮೇಲೆ ನಡೆದುಹೋಗಿ, ಗುಡಾರ ಹಾಕಿ, ಮಂಜುಗಡ್ಡೆಗೆ ತೂತು ಕೊರೆದು, ಗಾಳ ಬಿಟ್ಟು ದಿನವಿಡೀ ಕೂರುತ್ತಾರಂತೆ. ಟೆಕ್ಸಾಸ್‌ನ ಕೆರೆಗಳು ಕಲ್ಲಾಗುವುದಿಲ್ಲ. ಹತ್ತು ವರ್ಷದಿಂದ ಗುಡಾರ ಅಟ್ಟದ ಮೇಲೆ ಕೊಳೆಯುತ್ತಿತ್ತು. ದಪ್ಪನೆಯ ಹತ್ತಿ ತುಂಬಿದ ಕೆಂಪು ಬಟ್ಟೆ, ಮಡಿಚಿದರೆ ಹಾಸಿಗೆಯ ಸುರುಳಿಯಂತಾಗುತ್ತಿತ್ತು.

"ಹುಟ್ಟುಹಬ್ಬಕ್ಕೆ ಮಕ್ಕಳು ಆಡೋಕೆ ಆಗುತ್ತೆ ಚಿಕ್ಕಮ್ಮ" ಎಂದ ಗುರು. ಮಗುವಿಗೆ ಆಗ ಹದಿನೆಂಟು ದಿನ.

ಲ್ಯಾರಿ ಗುಡಾರವನ್ನು ಸುಮ್ಮನೆ ಕೊಡಲಿಲ್ಲ, ಹೆಣ್ಣು ಒಪ್ಪಿಸುವವನ ಹಾಗೆ ನೂರೆಂಟು ಬುದ್ಧಿಮಾತು ಹೇಳಿ ಕೊಟ್ಟ. ಚಳಿ ಬರುವುದು ಮೇಲಿನಿಂದಲ್ಲ, ಕೆಳಗಿನಿಂದ. ಮೊದಲು ನೆಲಕ್ಕೆ ದಪ್ಪಗೆ ಹಾಸಬೇಕು. ಒದ್ದೆ ಕಾಲುಚೀಲ ಶತ್ರು. ಕೆಳಗೊಂದು, ಮೇಲೊಂದು ಕಿಂಡಿ ಇವೆ. ಎಷ್ಟೇ ಚಳಿಯಾದರೂ ಎರಡನ್ನೂ ಮುಚ್ಚಬಾರದು. ಇದ್ದಿಲನ್ನಂತೂ ಒಳಗೆ ತರಲೇಬಾರದು. ಕೊನೆಗೆ ಅಂಗೈಯಷ್ಟು ಬಿಳಿ ಡಬ್ಬಿಯೊಂದಕ್ಕೆ ಹೊಸ ಬ್ಯಾಟರಿ ಹಾಕಿ, ಇದನ್ನು ಒಳಗೆ ತೂಗುಹಾಕಿ, ಇದು ಕೂಗಿದರೆ ಮೀನನ್ನೂ ಬಿಟ್ಟು ಆಚೆ ಓಡಿ ಎಂದ.

ಗುರು ಒಂದೊಂದನ್ನೂ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ. ನಾನು ಹೂಂಗುಟ್ಟುತ್ತಾ ಗ್ಯಾರೇಜಿನ ಗೋಡೆಯಲ್ಲಿ ಬಾಯಿ ತೆರೆದಿದ್ದ ಮೀನಿನ ಬೊಂಬೆ ನೋಡುತ್ತಿದ್ದೆ. ಮೀನು ಹಿಡಿಯುವವನಿಂದ ನಾನು ಬೆಚ್ಚಗಿರುವುದನ್ನು ಕಲಿಯಬೇಕೆ ಎಂದು ಒಳಗೊಳಗೇ ನಗು.

ಫ್ರಿಸ್ಕೋ

ಡಲ್ಲಸ್ಸಿನ ಉತ್ತರಕ್ಕಿರುವ ಈ ಊರಿನಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನ ಒಬ್ಬಟ್ಟು. ಗುರುವೇ ಒಮ್ಮೆ ಪಕ್ಕದ ಮನೆಯ ಬಾಗಿಲಿಗೆ ಬೀಗದ ಕೈ ಹಾಕಿ ತಿರುಗಿಸುತ್ತಿದ್ದ. ಹಾಲಿನಲ್ಲಿ ಬೆಂಕಿಗೂಡು ಇತ್ತು. ಆದರೆ ಅದು ಬರೀ ಅಂದಕ್ಕೆ. ಹೊಗೆ ಹೋಗಲು ದಾರಿಯೇ ಇಲ್ಲ. ವಿದ್ಯಾ ಅದರಲ್ಲಿ ದೇವರ ಮಂಟಪ ಇಟ್ಟಿದ್ದಳು. ಒಲೆ, ನೀರು ಕಾಯಿಸುವ ಯಂತ್ರ, ಮನೆ ಬೆಚ್ಚಗಿಡುವ ಗಾಳಿ, ಎಲ್ಲ ಕರೆಂಟಿನಿಂದಲೇ.

ಮಗು ನನ್ನ ಮೊಳಕೈಯಿಂದ ಅಂಗೈವರೆಗೆ ಸಾಕಾಗುತ್ತಿತ್ತು. ಕೈ ತಣ್ಣಗೆ, ಕಾಲು ತಣ್ಣಗೆ. ಮುಟ್ಟಿದಾಗಲೆಲ್ಲ ಇನ್ನೊಂದು ಬಟ್ಟೆ ಸುತ್ತುತ್ತಿದ್ದೆ.

ಮೊದಲ ದಿನವೇ ಸಾರಿಗೆ ಒಗ್ಗರಣೆ ಕೊಟ್ಟೆ. ಸಾಸಿವೆ ಸಿಡಿಯಿತೋ ಇಲ್ಲವೋ, ತಲೆಯ ಮೇಲಿನ ಸೂರು ಕಿರುಚತೊಡಗಿತು. ನಾನು ಕೈಯಲ್ಲಿದ್ದ ಸೌಟು ಬಿಸಾಡಿ ದೇವರ ಮುಂದೆ ಹೋಗಿ ನಿಂತೆ. ವಿದ್ಯಾ ನಗುತ್ತಾ ಬಂದಳು.

"ಹೆದರ್ಕೋಬೇಡಿ ಚಿಕ್ಕಮ್ಮ, ಸ್ಮೋಕ್ ಅಲಾರಂ ಅಷ್ಟೆ. ಇಲ್ಲಿ ಇಂಡಿಯನ್ಸ್ ಮನೇಲೆಲ್ಲ ಒಗ್ಗರಣೆಗೆ ಹೀಗೇ ಕೂಗುತ್ತೆ. ಸುಮ್ನೆ ಬ್ಯಾಟರಿ ತೆಗೆದುಬಿಡಿ."

ಗುರು ಕುರ್ಚಿ ಹತ್ತಿ ತೆಗೆಯುವುದನ್ನು ತೋರಿಸಿಕೊಟ್ಟ. ಮೂರು ದಿನದಲ್ಲಿ ನಾನು ಸೌಟಿನ ಹಿಡಿಯಿಂದಲೇ ಮುಚ್ಚಳ ಎಬ್ಬಿಸಿ ಬ್ಯಾಟರಿ ಉದುರಿಸುವಷ್ಟು ನುರಿತೆ. ಹೊಸ ದೇಶದಲ್ಲಿ ನಾನು ಕಲಿತ ಮೊದಲ ವಿದ್ಯೆ ಅದು. ಹೆಮ್ಮೆಯಿಂದ ಅಕ್ಕನಿಗೂ ಫೋನಿನಲ್ಲಿ ಹೇಳಿದೆ.

ಗಾಜಿನ ಮಳೆ

ಒಂದು ಮಧ್ಯಾಹ್ನ ಆಕಾಶದಿಂದ ಮಳೆ ಬಿತ್ತು. ಆದರೆ ಬಿದ್ದದ್ದು ಹರಿಯಲಿಲ್ಲ, ಬಿದ್ದ ಬಿದ್ದಲ್ಲೇ ಗಾಜಾಯಿತು. ಗಿಡದ ಎಲೆಗೆಲ್ಲ ಗಾಜಿನ ಕವಚ. ಕಾಗದ ತರಲು ಅಂಚೆ ಪೆಟ್ಟಿಗೆಯ ಕಡೆ ಹೊರಟ ಗುರು ಮೂರು ಹೆಜ್ಜೆ ನಡೆದು, ಉಳಿದ ದಾರಿಯನ್ನು ಕುಳಿತುಕೊಂಡೇ ಮುಗಿಸಿದ. ನಾನು, ವಿದ್ಯಾ ಕಿಟಕಿಯಲ್ಲಿ ನಿಂತು ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ಅವನು ಅಲ್ಲಿಂದಲೇ ಕೈ ಬೀಸಿದ. ಅಷ್ಟರಲ್ಲಿ ಎಲ್ಲೋ ತಂತಿ ಹರಿಯಿತು. ಮನೆಯ ಸದ್ದೆಲ್ಲ ನಿಂತುಹೋಯಿತು.

ಕರೆಂಟು ಹೋಗುವುದು ನಮಗೇನು ಹೊಸತೇ? ಮೊಂಬತ್ತಿ ಎಲ್ಲಿದೆ ಎಂದೆ. ಆದರೆ ಆ ಮನೆಗೆ ಕರೆಂಟು ಹೋಗಿ ಅಭ್ಯಾಸವಿರಲಿಲ್ಲ. ಎರಡು ಗಂಟೆಯಲ್ಲಿ ನೆಲ ಬಾವಿಯ ಕಲ್ಲಿನಂತೆ ಕೊರೆಯತೊಡಗಿತು. ವಿದ್ಯಾ ಮಗುವನ್ನು ಎದೆಗೆ ಒತ್ತಿಕೊಂಡು ನನ್ನ ಮುಖ ನೋಡಿದಳು. ರಸ್ತೆ ಗಾಜು, ಎಲ್ಲಿಗೂ ಹೋಗುವಂತಿಲ್ಲ.

"ಚಿಕ್ಕಮ್ಮ, ಗುಡಾರ!" ಎಂದು ಗುರು ಕೂಗಿದ.

ಹಾಲಿನ ನಡುವೆ ಗುಡಾರ ಎದ್ದಿತು. ಗುರು ಲ್ಯಾರಿ ಹೇಳಿದ್ದನ್ನು ಪಾಠ ಒಪ್ಪಿಸುವಂತೆ ಒಪ್ಪಿಸುತ್ತಾ ಕೆಲಸ ಮಾಡಿದ: ಮೊದಲು ರಟ್ಟು, ಅದರ ಮೇಲೆ ಜಮಖಾನ, ಅದರ ಮೇಲೆ ಹಾಸಿಗೆ, ಅದರ ಮೇಲೆ ನಾನು ತಂದಿದ್ದ ಎರಡು ಕೌದಿ. ಮೇಲಿನ ಕಿಂಡಿ ತೆರೆದ, ಕೆಳಗಿನದು ತೆರೆದ, ಬಿಳಿ ಡಬ್ಬಿಯನ್ನು ಕೋಲಿಗೆ ತೂಗುಹಾಕಿದ. ಮೂರು ದೊಡ್ಡ ದೇಹ, ಒಂದು ಸಣ್ಣ ದೇಹ ಒಳಗೆ ನುಗ್ಗಿ ಜಿಪ್ ಎಳೆದೆವು. ಹತ್ತು ನಿಮಿಷದಲ್ಲಿ ನಾನು ಮಂಕಿ ಟೋಪಿ ತೆಗೆದೆ! ಬೆಂಕಿಯಿಲ್ಲ, ಕರೆಂಟಿಲ್ಲ, ಬರೀ ಮೈಗಳ ಕಾವಿಗೆ ಗುಡಾರ ಕಾವು ಕೂತ ಕೋಳಿಯ ಹೊಟ್ಟೆಯಡಿಯಂತಾಯಿತು. ಅವಲಕ್ಕಿಗೆ ಮೊಸರು ಕಲಸಿ ತಿಂದೆವು. ಕೆಳಗಿನ ಕಿಂಡಿಯಿಂದ ಗುರು ಗಾಳದ ಹಾಗೆ ಚಮಚ ಆಚೆ ಚಾಚಿ, "ಚಿಕ್ಕಮ್ಮ, ಹಪ್ಪಳ ಕಚ್ಚಿದೆ" ಎಂದು ಎಳೆದ. ನಕ್ಕು ನಕ್ಕು ವಿದ್ಯಾಳಿಗೆ ಹೊಟ್ಟೆಯ ಹೊಲಿಗೆ ನೋವೆದ್ದಿತು. ಮಗುವಿನ ಅಂಗಾಲು ಮುಟ್ಟಿದೆ. ಬೆಚ್ಚಗಿತ್ತು. ಫ್ರಿಸ್ಕೋಗೆ ಬಂದ ಮೇಲೆ ಮೊದಲ ಬಾರಿಗೆ ಬೆಚ್ಚಗಿತ್ತು. ನನಗಾದ ಸಂತೋಷ ಹೇಳತೀರದು.

ಅಷ್ಟಕ್ಕೇ ಸುಮ್ಮನಿದ್ದರೆ ನಾನು ಸರೋಜಾ ಹೇಗಾದೇನು?

ಮರುದಿನ, ಎರೆಯುವ ಹೊತ್ತು

ಬೆಳಿಗ್ಗೆಯೂ ಕರೆಂಟಿರಲಿಲ್ಲ. ಬಾಣಂತಿಗೂ ಮಗುವಿಗೂ ಎರೆಯಬೇಕು. ಹಿತ್ತಲಲ್ಲಿ ಮಾಂಸ ಸುಡುವ ಅಮೆರಿಕನ್ ಒಲೆ ಇತ್ತು, ಹಿಂದಿನ ಬಾಡಿಗೆದಾರರು ಇದ್ದಿಲಿನ ಚೀಲದ ಸಮೇತ ಬಿಟ್ಟುಹೋದದ್ದು. ಅದಕ್ಕೆ ಮೂರು ಸಲ ನೀರು ಚಿಮುಕಿಸಿ ಶುದ್ಧ ಮಾಡಿ, ಇದ್ದಿಲು ಹೊತ್ತಿಸಿ, ಹಂಡೆಯಂಥ ಪಾತ್ರೆಯಲ್ಲಿ ನೀರು ಕಾಯಿಸಿದೆ. ಹಿಮದ ಹಿತ್ತಲಲ್ಲಿ ನೀರು ಮರಳುವುದನ್ನು ಕಂಡು ಕುಣಿಯುವಂತಾಯಿತು. ಇಬ್ಬರಿಗೂ ಎರೆದು, ಒರೆಸಿ, ಸುತ್ತಿ ಗುಡಾರದೊಳಗೆ ಕೂರಿಸಿದೆ.

ಹೊರಗೆ ಬಂದು ನೋಡಿದರೆ ಒಲೆಯ ತುಂಬ ನಿಗಿನಿಗಿ ಕೆಂಡ. ಅಂಥ ಕೆಂಡವನ್ನು ಬಿಸಾಡುವುದುಂಟೆ? ತಲೆಗೆ ಎರೆದ ಬಾಣಂತಿಗೆ ಸಾಂಬ್ರಾಣಿ ಹಾಕದಿರುವುದುಂಟೆ? ಪೆಟ್ಟಿಗೆಯಲ್ಲಿ ಅಷ್ಟು ದೂರದಿಂದ ತಂದ, ನಾಯಿ ಮೂಸಿ ಒಪ್ಪಿದ ಸಾಂಬ್ರಾಣಿ! ಕಬ್ಬಿಣದ ಬಾಣಲೆಗೆ ಕೆಂಡ ತುಂಬಿಕೊಂಡೆ. ಹೆಂಗಸರ ಕೆಲಸದ ನಡುವೆ ಗಂಡಸು ಯಾಕೆ ಎಂದು ಗುರುವನ್ನು, "ಹೋಗಪ್ಪ, ಕಾರಲ್ಲಿ ಕೂತು ಫೋನ್ ಚಾರ್ಜ್ ಮಾಡ್ಕೊ" ಎಂದು ಮನೆಯ ಮುಂದಿನ ಬಯಲಿನಲ್ಲಿ ನಿಂತಿದ್ದ ಕಾರಿಗೆ ಅಟ್ಟಿದೆ.

ಬಾಣಲೆಯನ್ನು ಗುಡಾರದ ಮೂಲೆಯಲ್ಲಿ ಇಟ್ಟಿಗೆಯ ಮೇಲಿಟ್ಟೆ. ಎರೆದ ಮೈಗೆ ಗಾಳಿ ತಗಲಬಾರದು. ಕೆಳಗಿನ ಕಿಂಡಿಗೆ ದಿಂಬು ಒತ್ತಿದೆ, ಮೇಲಿನದಕ್ಕೆ ನನ್ನ ಲಂಗ ತುರುಕಿದೆ, ಜಿಪ್ ಎಳೆದೆ. ಇದು ಪಕ್ಕಾ ಬಾಣಂತಿ ಕೋಣೆ ಎಂದು ಬೀಗುತ್ತಾ ವಿದ್ಯಾಳ ಕೂದಲು ಹರಡಿದೆ.

ಸ್ವಲ್ಪ ಹೊತ್ತಿಗೆ ಬಿಳಿ ಡಬ್ಬಿ ಕಿರುಚಿಕೊಂಡಿತು.

"ಥೂ, ಸಾಂಬ್ರಾಣಿಗೂ ಕೂಗತ್ತಲ್ಲೇ ಇದು" ಎಂದೆ. ನನ್ನ ಕೈಗೆ ಆಗಲೇ ಅಭ್ಯಾಸವಾಗಿತ್ತಲ್ಲ, ಉಗುರಿನಲ್ಲಿ ಮುಚ್ಚಳ ಎಬ್ಬಿಸಿದೆ, ಬ್ಯಾಟರಿ ಮಡಿಲಿಗೆ ಬಿತ್ತು. ವಿದ್ಯಾ ಕಣ್ಣು ಮುಚ್ಚಿಕೊಂಡೇ ನಕ್ಕಳು. ನಾನೂ ನಕ್ಕೆ. ಏನು ಕಂಡರೂ ನಗು ಬರುವಷ್ಟು ತಲೆ ಹಗುರಾಗಿತ್ತು.

"ತಲೆ ನೋಯ್ತಿದೆ ಚಿಕ್ಕಮ್ಮ."

"ಥಂಡಿ ಏರಿದೆ ಕಣೆ. ತಡಿ, ಇನ್ನೊಂದು ಚೂರು ಹಾಕ್ತೀನಿ."

ವಿದ್ಯಾ ಒರಗಿದಳು. ಹಾಲಿಗೆ ಅಳಬೇಕಾದ ಹೊತ್ತಾದರೂ ಮಗು ಅಳಲಿಲ್ಲ. ಇಬ್ಬರೂ ಕಲ್ಲು ಬಿದ್ದರೂ ಏಳದ ನಿದ್ದೆಯಲ್ಲಿದ್ದರು. ನನ್ನ ಕೈಗುಣ ಅಮೆರಿಕದಲ್ಲೂ ಕೆಲಸ ಮಾಡಿತು ಎಂದುಕೊಂಡೆ. ನನಗೂ ರೆಪ್ಪೆ ಭಾರವಾಗುತ್ತಿತ್ತು.

ಅದೇ ಹೊತ್ತಿಗೆ ಕಾರಿನಲ್ಲಿದ್ದ ಗುರುವಿಗೆ ಲ್ಯಾರಿಯ ಫೋನು ಬಂದಿತ್ತು. ಟಿವಿಯಲ್ಲಿ ಡಲ್ಲಸ್ಸಿನ ಹಿಮ ನೋಡಿ, ಹೇಗಿದ್ದೀರಿ ಎಂದು ಕೇಳಲು ಮಾಡಿದ್ದನಂತೆ. ಸಾಂಬ್ರಾಣಿಯ ಕೆಂಡವೂ ಅದೇ ಇದ್ದಿಲು ಎಂದು ಹೊಳೆಯದ ಗುರು ಹೆಮ್ಮೆಯಿಂದ, ನಿಮ್ಮ ಗುಡಾರವೇ ನಮ್ಮನ್ನು ಕಾಪಾಡಿತು, ಈಗ ನಮ್ಮ ಚಿಕ್ಕಮ್ಮ ಅದರಲ್ಲಿ ಕೆಂಡ ಇಟ್ಟು ಮಗುವಿಗೆ ಧೂಪ ಹಾಕುತ್ತಿದ್ದಾರೆ ಎಂದನಂತೆ. ಆ ಕಡೆಯಿಂದ ಬಂದ ಕೂಗಿಗೆ ಫೋನು ಕೈಯಿಂದ ಬಿತ್ತಂತೆ.

ನನಗೆ ಗೊತ್ತಾಗಿದ್ದು ಗುಡಾರ ಹಾರಿದ್ದು. ಗುರು ಅದನ್ನು ಕೋಲುಗಳ ಸಮೇತ ಕಿತ್ತೆಸೆದು, ಮಗುವನ್ನು ಎತ್ತಿಕೊಂಡು, ವಿದ್ಯಾಳ ರಟ್ಟೆ ಹಿಡಿದು ಬಾಗಿಲ ಹೊರಗೆ ಎಳೆದ. "ಆಚೆ ಬನ್ನಿ! ಚಿಕ್ಕಮ್ಮ, ಆಚೆ ಬನ್ನಿ!" ಎಂದು ಅರಚುತ್ತಿದ್ದ. ಆ ಮೆದು ಮಾತಿನ ಹುಡುಗ ಅರಚಿದ್ದನ್ನು ನಾನು ಹಿಂದೆಯೂ ಕೇಳಿಲ್ಲ, ಮುಂದೆಯೂ ಕೇಳಲಿಲ್ಲ. ನಾನು ಎದ್ದು ನಿಲ್ಲಲು ಹೋಗಿ ಮೊಣಕಾಲಿನ ಮೇಲೆ ಬಿದ್ದೆ, ತೆವಳಿಕೊಂಡೇ ಹಿಮಕ್ಕೆ ಬಂದೆ. ತಣ್ಣನೆಯ ಗಾಳಿ ಮುಖಕ್ಕೆ ಬಡಿದದ್ದೇ ಮಗು ಊರು ಕೇಳುವಂತೆ ಅತ್ತಿತು. ಅದಕ್ಕಿಂತ ಇಂಪಾದ ಸದ್ದನ್ನು ನಾನು ಕೇಳಿಲ್ಲ.

ಅಗ್ನಿಶಾಮಕದವರು ಗಾಜಿನ ರಸ್ತೆಯಲ್ಲಿ ಆಮೆಯ ಹಾಗೆ ಬಂದರು. ಏಳಡಿಯ ಆಳು ಯಂತ್ರವೊಂದನ್ನು ಹಿಡಿದು ಮನೆಯೊಳಗೆ ಹೋದ, ಅದೂ ಕಿರುಚಿತು. ಅದರ ಬ್ಯಾಟರಿಗೆ ಕೈ ಹಾಕುವ ಧೈರ್ಯ ನನಗಿರಲಿಲ್ಲ. ಹೊರಗೆ ಬಂದವನು ಬಾಣಲೆ ತೋರಿಸಿ, ಇದು ನಿಮ್ಮ ಧಾರ್ಮಿಕ ಆಚರಣೆಯೇ ಎಂದು ಮರ್ಯಾದೆಯಿಂದ ಕೇಳಿದ.

"ನೋ ಸರ್. ಡೆಲಿವರಿ" ಎಂದೆ.

ಅಲಾರಮ್ಮಿನ ಬ್ಯಾಟರಿ ತೆಗೆದವರು ಯಾರು ಎಂದ. ಶಾಲೆಯ ಹುಡುಗಿಯಂತೆ ಕೈ ಎತ್ತಿದೆ. ಅವನು ಹಿಮದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ನಿಧಾನವಾಗಿ ಹೇಳಿದ: ಕೆಂಡದಿಂದ ಬರುವ ವಿಷಕ್ಕೆ ಹೊಗೆಯಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ನಿದ್ದೆ. ಆ ನಿದ್ದೆಯಿಂದ ಜನ ಏಳುವುದಿಲ್ಲ. ನಿಮ್ಮ ದೇಶದಲ್ಲೂ ಹೀಗೆ ಮಾಡುತ್ತೀರಾ ಎಂದೂ ಕೇಳಿದ. ನಾಲ್ಕು ಸಲ ಮಾಡಿದ್ದೇನೆ ಎಂದೆ. ನಮ್ಮದು ಹೆಂಚಿನ ಮನೆ, ನಾನು ಎಷ್ಟು ಸಂದಿ ಮುಚ್ಚಿದರೂ ಮೇಲೆ ಸಾವಿರ ಸಂದಿ ಉಳಿದಿರುತ್ತಿದ್ದವು ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೋ ತಿಳಿಯಲಿಲ್ಲ. ಅವನು ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಆಸ್ಪತ್ರೆ

ಮೂವರಿಗೂ ಮೂಗಿಗೆ ಕೊಳವೆ ಇಟ್ಟು ಆಮ್ಲಜನಕ ಕೊಟ್ಟರು. ಮಗುವಿನದು ಬೊಂಬೆಗೆ ಇಡುವಷ್ಟು ಸಣ್ಣದು. ಸಂಜೆಯ ಹೊತ್ತಿಗೆ ಡಾಕ್ಟರು ರಕ್ತ ನೋಡಿ, ಮೂವರೂ ಚೆನ್ನಾಗಿದ್ದೀರಿ, ಮಗುವಿಗೆ ಏನೂ ಆಗಿಲ್ಲ ಎಂದರು. ಗುರು ಗೋಡೆಗೆ ಒರಗಿ ಅತ್ತ. ನಾನು ಅವನ ಮುಖ ನೋಡಲಾರದೆ ಕೌದಿಯ ದಾರ ಕೀಳುತ್ತಿದ್ದೆ. ವಿದ್ಯಾ ಮಗುವನ್ನು ಇನ್ನು ನನ್ನ ಕೈಗೆ ಕೊಡುವುದಿಲ್ಲ ಎಂದುಕೊಂಡಿದ್ದೆ. ಅವಳು ಹಾಲು ಕುಡಿಸಿ ಮುಗಿಸಿ, ಏನೂ ನಡೆದೇ ಇಲ್ಲವೆಂಬಂತೆ, "ತಗೊಳ್ಳಿ ಚಿಕ್ಕಮ್ಮ, ತೇಗಿಸಿ" ಎಂದು ಹೆಗಲ ಮೇಲೆ ಹಾಕಿದಳು.

ಅಕ್ಕನಿಗೆ ಫೋನ್ ಮಾಡಬೇಕಿತ್ತು. ಸುಳ್ಳು ಹೇಳೋಣವೆಂದು ಎರಡು ಮೂರು ಕಥೆ ಹೆಣೆದುಕೊಂಡೆ. ಊರಿನಲ್ಲಿ ಆಗ ಬೆಳಗಿನ ಕಾಫಿಯ ಹೊತ್ತು. ಅಕ್ಕನ ದನಿ ಕೇಳಿದ್ದೇ ತಡ, ಕಥೆಗಳೆಲ್ಲ ಮರೆತುಹೋಗಿ ಕೆಂಡ, ಲಂಗ, ಬ್ಯಾಟರಿ, ಒಂದೂ ಬಿಡದೆ ಒದರಿಬಿಟ್ಟೆ. ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡು ಕಾದೆ.

"ಅಕ್ಕಾ? ಇದ್ದೀಯಾ?"

"ಇದ್ದೀನಿ ಕಣೆ. ಸರೋಜಾ, ಒಂದು ಮಾತು. ವಿದ್ಯಾ ಹುಟ್ಟಿದಾಗ ನೀನು ನನಗೆ ಬಾಣಂತನ ಮಾಡಿದ್ಯಲ್ಲ, ಆವಾಗ ದಿನಾ ನನಗೆ ತಲೆ ಸಿಡಿದು ಹೋಗ್ತಿತ್ತು."

"ಒಂದು ದಿನಾನೂ ಹೇಳಲಿಲ್ವಲ್ಲೇ!"

"ಹೇಗೆ ಹೇಳ್ಲಿ? ಅಷ್ಟು ಪ್ರೀತಿಯಿಂದ ಕೆಂಡ ಊದಿ ಊದಿ ತರ್ತಿದ್ದೆ, ಕಣ್ಣೆಲ್ಲ ಕೆಂಪು ಮಾಡ್ಕೊಂಡು. ನೀನು ಆಚೆ ಹೋದ ತಕ್ಷಣ ಎದ್ದು ಕಿಟಕಿ ತೆಗೆದುಬಿಡ್ತಿದ್ದೆ. ನಿನ್ನ ಕಾಲುಂಗುರದ ಸದ್ದು ಕೇಳಿದ್ರೆ ಓಡಿಹೋಗಿ ಮುಚ್ಚಿ, ನಿದ್ದೆ ಬಂದವಳ ಹಾಗೆ ಮಲಗ್ತಿದ್ದೆ."

ಇಪ್ಪತ್ತೇಳು ವರ್ಷ! ಇಪ್ಪತ್ತೇಳು ವರ್ಷ ನಾನು ಮದುವೆ ಮುಂಜಿಗಳಲ್ಲೆಲ್ಲ ಅಕ್ಕನ ಆ ನಿದ್ದೆಯ ಕಥೆ ಹೇಳಿ ಹೊಗಳಿಸಿಕೊಂಡಿದ್ದೆ, ಅಕ್ಕ ಪಕ್ಕದಲ್ಲೇ ಕುಳಿತು ಹೌದು ಹೌದು ಎಂದು ತಲೆಯಾಡಿಸಿದ್ದಳು. ಫೋನಿನಲ್ಲಿ ಅವಳು ನಗತೊಡಗಿದಳು. ನನಗೂ ನಗು ಒತ್ತಿಕೊಂಡು ಬಂತು, ನಗುತ್ತಲೇ ಬಿಕ್ಕಿದೆ. ಎದುರು ಮಂಚದಲ್ಲಿ ವಿದ್ಯಾ ಮೂಗಿನ ಕೊಳವೆ ಸರಿಸಿಕೊಂಡು, "ಏನಂತೆ ಚಿಕ್ಕಮ್ಮ? ಅಮ್ಮ ಬೈದ್ರಾ?" ಎಂದು ಕೇಳಿದಳು.

ಅಂದು ಆ ಕೋಣೆಯಲ್ಲಿ ಅಕ್ಕನ ಮಗ್ಗುಲಲ್ಲಿ ಮಲಗಿದ್ದ ಕೂಸು ಅವಳೇ. ಫೋನನ್ನು ಅವಳ ಕೈಗೆ ಕೊಟ್ಟು, ಹೆಗಲ ಮೇಲಿದ್ದ ಮಗುವಿನ ಬೆನ್ನು ತಟ್ಟುತ್ತಾ ಕುಳಿತೆ.